ಬೀಗರ ರುಮಾಲಿನ ತತ್ತಿ

ಕುರುಗೋಡಿನ ನಮ್ಮ ಸೋದರಮಾವ ಇಲ್ಲದ ವಸ್ತುವನ್ನು ಬೇಕಾದರೆ ಗಾಳಿಯಿಂದ ತರಿಸುತ್ತಿದ್ದರು. ಇದ್ದ ವಸ್ತುವನ್ನು ಎಲ್ಲಿಟ್ಟೆನೆಂಬುದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ! ಬರಿಗೈಯಲ್ಲಿ ನಿಂಬೆಹಣ್ಣು ತೆಗೆದು ತೋರಿಸಿದ ಮಹಾಶಯರು, ಹೆಗಲ ಮೇಲಿನ ಟವೆಲಿಗಾಗಿ ಮನೆಯೆಲ್ಲ ಹುಡುಕುತ್ತಿದ್ದರು.

"ಇದು ಕಣ್ಕಟ್ಟಲ್ಲವ್ವಾ, ಆವಾಹನ! ವಸ್ತು ಎಲ್ಲೋ ಇರ್ತೈತಿ, ಮರ್ಯಾದಿಲೆ ಕರದ್ರ ಬರ್ತೈತಿ" ಎಂದು ನನಗೆ ಪಾಠ ಬೇರೆ.

ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಅತ್ತೆ ಖಾಲಿ ಡಬ್ಬಿ ತಂದು ಮುಂದಿಟ್ಟರು: "ಕರೀರಿ ನೋಡೂಣು!" ಮಾವ ಅಕ್ಕಿಹಿಟ್ಟಿನಲ್ಲಿ ಮಂಡಲ ಬರೆದು, ಕಣ್ಣು ಮುಚ್ಚಿ ಕರೆದೇ ಕರೆದರು. ಬಂದದ್ದು ಇರುವೆ ಸಾಲು!

"ನೋಡು, ಅರ್ಧ ಮಂತ್ರ ಹತ್ತೈತಿ!"

"ಹಂಗಾರ ಇರವಿ ಹಾಕೇ ಚಹಾ ಮಾಡ್ತೀನಿ, ಕುಡೀರಿ."

ಇಷ್ಟಕ್ಕೇ ನಿಂತಿದ್ದರೆ ಸರಿ. ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟ ಮದುವೆಯಲ್ಲಿ, ಊಟದ ಪಂಕ್ತಿ ನಡುವೆ, ಬೀಗರ ರುಮಾಲಿಗೆ ಕೈಹಾಕಿ ಮಾವ ತೆಗೆದದ್ದೇನು? ತತ್ತಿ! ಬೆಳ್ಳುಳ್ಳಿ ವಾಸನೆ ಬಡಿದರೂ ಮತ್ತೊಮ್ಮೆ ಸ್ನಾನ ಮಾಡುವ ಬೀಗರ ತಲೆಯಿಂದ!

"ಕಟ್ಟಿಗೀದ್ರಿ ಬೀಗ್ರ, ಕಟ್ಟಿಗೀದು!"

"ಕಟ್ಟಿಗೀದಾದ್ರೂ ತತ್ತಿ ತತ್ತೀನ!"

ಅಂದಿಗೆ ಮಾತು ಮುರಿಯಿತು. ಮಗಳು ಬಸುರಿಯಾದಾಗ, ಚೊಚ್ಚಲ ಬಾಣಂತನಕ್ಕೂ ತವರಿಗೆ ಕಳಿಸುವುದಿಲ್ಲವೆಂದು ಬೀಗರು ಹೇಳಿಕಳಿಸಿದರು. ಅತ್ತೆ ಬಾಣಂತಿಕೋಣೆಗೆ ಸುಣ್ಣ ಹೊಡೆಸಿ, ನೀರು ಕಾಯಿಸಲು ಕುಳ್ಳು ಒಟ್ಟಿಸಿ, ಅದರ ಬಾಗಿಲಲ್ಲೇ ಕೂತು ಅಳುತ್ತಿದ್ದರು.

"ಊರ ಮುಂದ ಏನೇನೋ ಕರಸ್ತೀರಿ. ನನ್ನ ಮಗಳನ್ನ ಕರಸ್ರಿ."

ಸಿರುಗುಪ್ಪಕ್ಕೆ ತಾವೇ ಹೋಗುವುದೆಂದು ಮಾವ ನಿಶ್ಚಯಿಸಿದರು. ಬಸುರಿಯನ್ನು ಕರೆತರುವಾಗ ಹೆಣ್ಣುಮಕ್ಕಳೊಬ್ಬರು ಜೊತೆಗಿರಲೆಂದು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ನನ್ನನ್ನು ಕರೆಸಿಕೊಂಡರು. ಜಾದುವಿನ ಚೀಲವನ್ನು ಗೂಟಕ್ಕೇ ಬಿಟ್ಟು ಹೊರಟರು.

ಸಿರುಗುಪ್ಪದ ಪಡಸಾಲೆಯಲ್ಲಿ ಮಾವ ತಲೆ ತಗ್ಗಿಸಿ ಕೂತರು. ಕೊನೆಗೆ ಬೀಗರೇ, ರುಮಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೇಳಿದರು:

"ಯಾಕ್ರಿ, ಇವತ್ತೇನೂ ತಗಿಯಾಂಗಿಲ್ಲೇನು?"

ಮಾವ ಬರಿಗೈ ಎರಡನ್ನೂ ಮುಂದೆ ಚಾಚಿದರು.

"ನನ್ನ ಕೈಲೆ ಆಗಾಂಗಿಲ್ರಿ, ಬೀಗ್ರ. ಈ ಸಲ ನೀವ ತಗೀಬೇಕು."

ಬೀಗರು ಆ ಕೈಗಳನ್ನೇ ಬಹಳ ಹೊತ್ತು ನೋಡಿದರು. ರುಮಾಲು ಬಿಟ್ಟರು. ಒಳಬಾಗಿಲ ಕಡೆ ತಿರುಗಿ ಕೂಗಿದರು:

"ಯವ್ವಾ, ಗಂಟು ಕಟ್ಟಿಕೊಂಡು ಬಾ. ನಿಮ್ಮಪ್ಪ ಬಂದಾರ."

ಪರದೆ ಸರಿಯಿತು. ತುಂಬಿದ ಹೊಟ್ಟೆಯ ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಊರಿಗೆಲ್ಲ ಜಾದು ತೋರಿಸಿದ ನಮ್ಮ ಮಾವ, ಅದನ್ನು ಮೊದಲ ಸಲ ಕಂಡವರ ಹಾಗೆ ಬಾಯಿ ತೆರೆದರು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಹಾಗೇ ಕೂಡಿಸಿ ಬೀಗರಿಗೆ ಮುಗಿದುಬಿಟ್ಟರು.