ನೂರ ನಲವತ್ತೆರಡಕ್ಕೆ ಚೌಕಾಸಿ

ಎತ್ತರ ಐದಡಿ ಒಂದಂಗುಲ, ವಯಸ್ಸು ಇಪ್ಪತ್ತೊಂಬತ್ತು, ನೋಡಲು ಹಗುರ, ಬಾಳಿಕೆ ಗಟ್ಟಿ. ಆದರೆ ಬೇಗ ಬಿಸಿಯಾಗುವ ಮಾಲು. ಮದುವೆಯಾದ ಆರು ವರ್ಷಗಳಲ್ಲಿ ತಕ್ಕಡಿ ವ್ಯಾಪಾರಿ ಹೆಂಡತಿಯನ್ನು ತೂಗಿ ಕಟ್ಟಿದ ಬೆಲೆ ಇದು. ತಾನು ಮಾತ್ರ ತಣ್ಣನೆಯ ಮನುಷ್ಯ ಎಂದು ಬೀದಿಗೆಲ್ಲ ಕೂಗಿ ಹೇಳುತ್ತಿದ್ದ. (ಕೂಗದೆ ಹೇಳಲು ಅವನಿಗೆ ಬರುತ್ತಿರಲಿಲ್ಲ.)

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಡುಗೆಮನೆಯಿಂದ ಅವನ ವ್ಯಾಪಾರ ಕೇಳಿ ಕೇಳಿ, ಮಧ್ಯಾಹ್ನದ ಮೇಲಾದರೂ ಆ ಗಲ್ಲಾದ ಕುರ್ಚಿ ತನಗೆ ಬೇಕೆಂದು ಹೆಂಡತಿ ಪಟ್ಟು ಹಿಡಿದಿದ್ದಳು. ಅವನದು ಒಂದೇ ರಾಗ: ಗಿರಾಕಿಯ ಮುಂದೆ ತಲೆ ತಣ್ಣಗಿರಬೇಕು, ನಿನ್ನದು ಕಾದ ಹೆಂಚು.

ಹೀಗಿರುವಾಗ ನರ್ಸಿಂಗ್ ಓದುತ್ತಿದ್ದ ನಾದಿನಿ ರಕ್ತದೊತ್ತಡ ಅಳೆಯುವ ಯಂತ್ರ ಹಿಡಿದು ಬಂದಳು. ಹದಿನೆಂಟರಿಂದ ಮೂವತ್ತೈದರೊಳಗಿನ ಗಂಡಸರ, ಹೆಂಗಸರ ಒತ್ತಡವನ್ನು ಹೋಲಿಸಿ ನೋಡುವುದು ಅವಳ ಕಾಲೇಜಿನ ಕೆಲಸ. ಇನ್ನೊಂದು ಜೋಡಿ ಸಿಕ್ಕರೆ ಮುಗಿಯಿತು. ವ್ಯಾಪಾರಿಗೆ ಮೂವತ್ತನಾಲ್ಕು. ಅವನ ಕಣ್ಣು ಅರಳಿತು.

"ನಿಮ್ಮಕ್ಕಂದು ನನಗಿಂತ ಕಡಿಮೆ ಬರಲಿ, ಕುರ್ಚಿ ಇವತ್ತೇ ಬಿಟ್ಟುಕೊಡ್ತೀನಿ."

"ರೀ, ಸಾಕ್ಷಿ ಕೂತಿದ್ದಾಳೆ, ನೆನಪಿರಲಿ," ಎಂದಳು ಹೆಂಡತಿ.

ಐದು ನಿಮಿಷ ಮಾತಿಲ್ಲದೆ ಕೂರಬೇಕೆಂಬುದು ನಿಯಮ. ಅವಳು ಕೂತಳು. ನೂರ ಎಂಟು.

ಅವನ ಸರದಿ. ಐದು ನಿಮಿಷವೂ ಅವನು ಯಂತ್ರದ ಸ್ಪ್ರಿಂಗ್ ಎಲ್ಲಿ, ಮುಳ್ಳು ಎಲ್ಲಿ, ತಕ್ಕಡಿಗಿರುವಂತೆ ಸರ್ಕಾರಿ ಮುದ್ರೆ ಹಾಕಿದವರು ಯಾರು ಎಂದು ವಿಚಾರಣೆ ನಡೆಸಿದ. ನೂರ ನಲವತ್ತೆರಡು.

"ನೂರ ಐದು ಮಾಡ್ಕೋ," ಎಂದ, ಬಾಯಿಯ ಅಭ್ಯಾಸ.

"ಭಾವ, ಇದು ರೇಟಲ್ಲ."

"ಸರಿ, ನೂರ ಏಳು. ಕೊನೇ ಮಾತು."

ನಾದಿನಿ ಪುಸ್ತಕ ತೆರೆದು ತೋರಿಸಿದಳು. ಅವಳು ಅಳೆದವರಲ್ಲಿ ಗಂಡಸರದೇ ಮೇಲುಗೈ, ಅದರಲ್ಲೂ ಮೂವತ್ತು ದಾಟಿದವರದು. ಈ ಒಂದು ವಿಷಯದಲ್ಲಿ ಗಂಡುಕುಲ ಮುಂದಿರುವುದು ವ್ಯಾಪಾರಿಗೆ ಸಹಿಸಲಾಗಲಿಲ್ಲ. ಯಂತ್ರವೇ ಸುಳ್ಳೆಂದು, ತೂಕದ ಕಲ್ಲಿಟ್ಟು ತಕ್ಕಡಿ ಪರೀಕ್ಷಿಸುವಂತೆ ಹೆಂಡತಿಯನ್ನು ಮತ್ತೆ ಕೂರಿಸಿದ. ಕಲ್ಲು ಭಾರವಾಗಲೆಂದು, ಅಂದರೆ ಅವಳ ಒತ್ತಡ ಏರಲೆಂದು, ಅವಳ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಹಳಿದ. ಬೇರೆ ದಿನವಾಗಿದ್ದರೆ ಮನೆ ಹೊತ್ತಿ ಉರಿಯುತ್ತಿತ್ತು. ಇಂದು ಕುರ್ಚಿ ಕಣ್ಣೆದುರಿಗಿತ್ತು; ಅವಳು ತುಟಿ ಬಿಗಿದು ಕೂತಳು. ನೂರ ಹತ್ತು. ಅವನದು ನೂರ ನಲವತ್ತೆಂಟು. ಚೌಕಾಸಿ ಮಾಡಿ ಬೆಲೆ ಏರಿಸಿಕೊಂಡದ್ದು ಅವನ ಜನ್ಮದಲ್ಲಿ ಇದೇ ಮೊದಲು.

ಒಮ್ಮೆಯಾದರೂ ಬಾಯಿ ಮುಚ್ಚಿ ಕೂರಿ ಎಂದು ನಾದಿನಿ ಅವನ ತೋಳಿಗೆ ಪಟ್ಟಿ ಬಿಗಿಯುವಷ್ಟರಲ್ಲಿ ಅಂಗಡಿಗೆ ಬೇಕರಿಯವನು ಬಂದ. ಈ ಹಿಂದೆ ಮೂರು ಸಲ ಬಂದು, ವ್ಯಾಪಾರಿಯ ಮಾತಿನ ಮಳೆಗೆ ಸಿಕ್ಕಿ, ಬರಿಗೈಲಿ ಓಡಿದ್ದವನು. ವ್ಯಾಪಾರಿ ಏಳಹೊರಟ, ಪಟ್ಟಿ ಬಿಡಲಿಲ್ಲ. ಹೆಂಡತಿ ಹೋಗಿ ಕುರ್ಚಿಯಲ್ಲಿ ಕೂತಳು.

"ದಿನಕ್ಕೆ ಎಷ್ಟು ಹಿಟ್ಟು ತೂಗ್ತೀರಿ?" ಎಂದಷ್ಟೇ ಕೇಳಿ ಸುಮ್ಮನಾದಳು. ಬೇಕರಿಯವನೇ ಹಿಟ್ಟು, ಒಲೆ, ಕೈಕೊಟ್ಟ ಹಳೇ ತಕ್ಕಡಿ ಎಲ್ಲವನ್ನೂ ಹೇಳಿಕೊಂಡ. ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ದೊಡ್ಡ ತಕ್ಕಡಿಯನ್ನು ಹೇಳಿದ ಬೆಲೆಗೆ ಹೊತ್ತುಕೊಂಡು ಹೋದ.

ಒಳಗೆ ವ್ಯಾಪಾರಿಯ ಬಾಯಿ ತೆರೆದಿತ್ತು, ಮಾತು ಬಂದಿರಲಿಲ್ಲ. ನಾದಿನಿ ಗುಂಡಿ ಒತ್ತಿದಳು. ನೂರ ಇಪ್ಪತ್ತಾರು.

"ಮದ್ದು ಸಿಕ್ತು ಭಾವ. ಮಧ್ಯಾಹ್ನದ ಮೇಲೆ ಅಕ್ಕ ಅಲ್ಲಿ, ನೀವು ಇಲ್ಲಿ."

ಈಗ ಅವನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅಂಗಡಿಯ ವ್ಯಾಪಾರ ಕೇಳುತ್ತಾನೆ. ಹೆಂಡತಿಗೆ ಕಟ್ಟಿದ್ದ ಬೆಲೆ ತಪ್ಪಾಗಿತ್ತು. ಆ ತಪ್ಪು ಬೆಲೆಯನ್ನೇ ಅವನು ಬೀದಿಗೆಲ್ಲ ಕೂಗಿ ಹೇಳಿದ್ದ. ಅವಳ ಮುಂದೆ ಕೂತು, ಮೆಲ್ಲಗೆ, ಒಂದು ಕ್ಷಮೆ ಕೇಳುವುದು ಬಾಕಿಯಿದೆ.