ಸ್ಟ್ರಾಂಗ್ ರೂಮಿನ ಎರಡನೇ ಕೀಲಿಕೈ

ಕೂತಲ್ಲಿಂದ ಏಳದಿರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಹುಟ್ಟಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರನಾಗಿ ನಾನು ಕುರ್ಚಿ ಹಿಡಿದೆನೆಂದರೆ ಗೋಡೆಯ ಬಣ್ಣ ಬದಲಾಗುತ್ತಿತ್ತು, ಗಿರಾಕಿಗಳ ಮಕ್ಕಳು ಬೆಳೆದು ತಾವೇ ಸಾಲ ಕೇಳಲು ಬರುತ್ತಿದ್ದರು, ನಾನು ಮಾತ್ರ ಕದಲುತ್ತಿರಲಿಲ್ಲ. ಆದ್ದರಿಂದ ಮಗಳು ಪ್ರತ್ಯೂಷಾಳ ಮದುವೆ ಮಾತುಕತೆಗೆ ವಿಜಯವಾಡಕ್ಕೆ ಹೊರಡುವಾಗ ಹೆಂಡತಿ ಹೈಮಾವತಿಗೆ ಎದೆ ತಟ್ಟಿ ಹೇಳಿದೆ:

"ಮದುವೆ ನಮ್ಮ ವಿಶಾಖಪಟ್ಟಣದಲ್ಲೇ ಆಗ್ಬೇಕು ಅಂತ ತಾನೆ ನಿನ್ನಾಸೆ? ಅವರು ಒಪ್ಪೋವರೆಗೂ ನಾನು ಸೋಫಾ ಬಿಟ್ಟು ಏಳೋನಲ್ಲ."

"ಏಳೋದು ಕೂರೋದು ಈಗ ನಿಮ್ಮ ಕೈಲಿದೆಯೇನ್ರೀ?" ಎಂದಳು.

ಅವಳ ಅನುಮಾನಕ್ಕೆ ಕಾರಣವಿತ್ತು. ನಾನು ನಿವೃತ್ತನಾದ ಮೇಲೆ ನನ್ನ ಪ್ರಾಸ್ಟೇಟ್ ಗ್ರಂಥಿ ಬಡ್ತಿ ಪಡೆದು ದಪ್ಪಗಾಗಿತ್ತು. ಮೂತ್ರದ ಕರೆ ಬಂತೆಂದರೆ ಓಡಬೇಕು. ಓಡಿ ಹೋಗಿ ನಿಂತರೆ ಏನೂ ಇಲ್ಲ. ನಾನು ಒಳಗೆ ಕಾಯುತ್ತ ನಿಂತಿರುವಷ್ಟರಲ್ಲಿ ಎಂವಿಪಿ ಕಾಲೋನಿಯ ನಮ್ಮ ಮನೆಯೆದುರಿನ ಕೋಚಿಂಗ್ ಸೆಂಟರಿನ ಹುಡುಗರು ಇಂಟರ್, ಅಂದರೆ ನಮ್ಮ ಪಿಯುಸಿ, ಮುಗಿಸಿ ಇಂಜಿನಿಯರಿಂಗ್ ಸೇರಿಬಿಡುತ್ತಿದ್ದರು. ಕಡೆಗೆ ಧಾರಾಳವಾಗಿ ನಾಲ್ಕು ಹನಿ. ಆಯಿತೆಂದು ಬಂದು ಕೂತರೆ ಮತ್ತೆ ಕರೆ. ಡಾಕ್ಟರು ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ಎಂದು ಬರೆದುಕೊಟ್ಟು, ಅದು ಹೇಗೆ ಕೆಲಸ ಮಾಡುತ್ತದೆಂದು ಸವಿಸ್ತಾರವಾಗಿ ವಿವರಿಸಿದರಂತೆ. ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಕರೆ ಬಂದು ನಾನು ಹೊರಗೆ ಹೋಗಿದ್ದೆ.

ಮಾತ್ರೆಯೆಂದರೆ ಬೀಗ ಎಂದು ನಾನೇ ತೀರ್ಮಾನಿಸಿಕೊಂಡೆ. ಬ್ಯಾಂಕಿನವನ ತಲೆ ನೋಡಿ! ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ ಬಳಿ. ಭದ್ರತೆ ಎಂದರೆ ಅದು. ರಾತ್ರಿ ಹೈಮಾವತಿ ಕೊಟ್ಟ ಮಾತ್ರೆ ಮ್ಯಾನೇಜರ ಕೀಲಿಯಾಯಿತು. ಬೆಳಿಗ್ಗೆ ಅವಳು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಡಬ್ಬಿಯಿಂದ ಕದ್ದು, ಖಾಲಿ ಹೊಟ್ಟೆಗೆ ಹೆಡ್ ಕ್ಯಾಷಿಯರ ಕೀಲಿಯನ್ನೂ ನುಂಗಿದೆ. ಇನ್ನು ಯಾವ ಕಳ್ಳ ಹೊರಗೆ ಬರುತ್ತಾನೋ ನೋಡೋಣ!

ರೈಲು ಊರಂಚಿನ ದುವ್ವಾಡ ಸ್ಟೇಷನ್ ದಾಟುವ ಮೊದಲೇ ಕಳ್ಳ ಹೊರಗೆ ಬಂದ. ರೈಲಿನ ಸೀಟಿಗೂ ನನಗೂ ಪರಿಚಯವೇ ಆಗಲಿಲ್ಲ. ಗೋದಾವರಿ ಸೇತುವೆ ಬಂದಾಗ ಎಲ್ಲರೂ ನದಿಗೆ ಕೈ ಮುಗಿದರು, ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟು ನೀರು ನೋಡುವ ಧೈರ್ಯ ನನ್ನಲ್ಲಿರಲಿಲ್ಲ.

ಹುಡುಗ ಅಭಿ ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಪ್ರತ್ಯೂಷಾಳ ಜೊತೆ ಕೆಲಸ ಮಾಡುವವನು. ಮಕ್ಕಳು ಒಪ್ಪಿಯಾಗಿತ್ತು, ಹಿರಿಯರು ಕೂತು ಮಾತಾಡುವುದಷ್ಟೇ ಬಾಕಿ. ಅವನ ತಂದೆ ಪಾನಕಾಲರಾವ್ ಹೆಸರಿಗೆ ತಕ್ಕ ಮನುಷ್ಯ. ಮೊದಲು ಎಳನೀರು, ಆಮೇಲೆ ಮಜ್ಜಿಗೆ, ಅದರ ಹಿಂದೆ ಕಾಫಿ. ಆ ಮನೆಯಲ್ಲಿ ಲೋಟ ಬೇಡವೆನ್ನುವುದು ಸಂಬಂಧ ಬೇಡವೆಂದ ಹಾಗೆ. ಎಲ್ಲವನ್ನೂ ಕುಡಿದೆ. ಮಾತೆಲ್ಲ ತೆಲುಗಿನಲ್ಲಿ, ಕನ್ನಡಕ್ಕಿಳಿಸಿ ಹೇಳುತ್ತಿದ್ದೇನೆ.

ಪಾನಕಾಲರಾವ್ ಗಂಟಲು ಸರಿಪಡಿಸಿಕೊಂಡು, "ಮದುವೆ ನಮ್ಮ ವಿಜಯವಾಡದಲ್ಲಿ ಆದರೆ..." ಎಂದರು. ಸರಿಯಾಗಿ ಆಗಲೇ ಕರೆ ಬಂತು. ತಟ್ಟನೆ ಎದ್ದು ನಡೆದೆ. ನಾನು ಬಾತ್‌ರೂಮಿನಿಂದ ಮರಳಿದಾಗ ಪಾನಕಾಲರಾವ್ ಸೋಫಾದ ತುದಿಗೆ ಸರಿದು ಕೂತಿದ್ದರು.

"ಕೋಪ ಬೇಡ ಬಾವಗಾರು," ಎಂದರು ಅವರು, ಅಲ್ಲಿ ಬೀಗರನ್ನು ಕರೆಯುವ ಹಾಗೆ. "ವಿಶಾಖದಲ್ಲೇ ಮಾಡೋಣ."

ಹೈಮಾವತಿ ನನ್ನನ್ನು ನೋಡಿದ ನೋಟದಲ್ಲಿ, ಮದುವೆಯಾದಾಗಿನಿಂದ ಕಾಣದ ಗೌರವವಿತ್ತು. ಅಡುಗೆಯವರ ಮಾತು ಬಂತು. ಕರೆಯೂ ಬಂತು. ನಾನು ತಿರುಗಿ ಬರುವಷ್ಟರಲ್ಲಿ ಕನ್ನಡಿಗರಾದ ನಾವು ಬಯಸಿದ ಹಾಗೆ ಕರ್ನಾಟಕದ ಅಡುಗೆಯವರೇ ಆಗಲಿ ಎಂದಾಗಿತ್ತು. ಚಕ್ರವರ್ತಿಗಳು ದಂಡೆತ್ತಿ ಹೋಗಿ ಗೆದ್ದದ್ದನ್ನು ನಾನು ಬಾತ್‌ರೂಮಿಗೆ ಹೋಗಿಬಂದು ಗೆಲ್ಲುತ್ತಿದ್ದೆ!

ಕೆಲಸ ಕೆಟ್ಟದ್ದು ಅದರ ಮುಂದಿನ ಕರೆಯಲ್ಲಿ. ಹುಡುಗನ ತಾಯಿ ಗಂಗಾಭವಾನಿ, ನಿಮ್ಮ ಹುಡುಗಿ ನಮ್ಮ ಮನೆಗೆ ಬರುವುದು ನಮ್ಮ ಪುಣ್ಯ ಎಂದು ಮನಸಾರೆ ಹೊಗಳಿದರು. ನಾನು ಎದ್ದು ಹೋದೆ. ಮರಳಿ ಬಂದು ಕೂತಾಗ ಆಕೆಯ ಮುಖ ಕೆಂಪಾಗಿತ್ತು.

"ಒಳ್ಳೇ ಮಾತಾಡಿದ್ರೂ ಎದ್ದು ಹೋಗ್ತೀರಲ್ಲ ಅನ್ನಯ್ಯಗಾರು. ನಾವು ಬೇಡವಾದ್ರೆ ಬಾಯಿಬಿಟ್ಟು ಹೇಳಿ. ಇಲ್ಲಿಗೇ ನಿಲ್ಲಿಸೋಣ."

ನಮ್ಮ ಜೊತೆಗೇ ಬಂದು ಅಭಿಯ ಪಕ್ಕ ಕೂತಿದ್ದ ಪ್ರತ್ಯೂಷಾಳ ಕಣ್ಣು ತುಂಬಿತು. ಅಯ್ಯೋ, ಹಾಗಲ್ಲ ತಾಯಿ ಎನ್ನಲು ನಾನು ಛಂಗನೆ ಎದ್ದು ನಿಂತೆ. ನಾನೊಬ್ಬನೇ ಎದ್ದದ್ದು, ನನ್ನ ರಕ್ತದೊತ್ತಡ ಸೋಫಾದಲ್ಲೇ ಉಳಿಯಿತು. ಫ್ಯಾನು ನಿಂತು ಮನೆ ತಿರುಗಿತು. ಮರುಕ್ಷಣ ಗಂಗಾಭವಾನಿಯ ಪಾದದ ಬಳಿ ಆರಡಿ ಉದ್ದಕ್ಕೆ ಮಲಗಿದ್ದೆ. ಹೆಣ್ಣಿನ ತಂದೆಯೊಬ್ಬ ಇಷ್ಟು ಸಂಪೂರ್ಣವಾಗಿ ಶರಣಾದದ್ದು ಕೃಷ್ಣಾ ತೀರದಲ್ಲಿ ಅದೇ ಮೊದಲಿರಬೇಕು.

ಪಾನಕಾಲರಾವ್ ನನ್ನ ಕಾಲುಗಳನ್ನೆತ್ತಿ ದಿಂಬಿನ ಮೇಲಿಟ್ಟರು. ಪ್ರತ್ಯೂಷಾಗೆ ಮಾತ್ರ ತಕ್ಷಣ ಅನುಮಾನ ಬಂತು.

"ಅಪ್ಪಾ, ಮಾತ್ರೆ ಎಷ್ಟು ತಗೊಂಡೆ?"

ಮಲಗಿದ ಸ್ಥಿತಿಯಲ್ಲೇ ಎಲ್ಲ ಒಪ್ಪಿಕೊಂಡೆ. ಆ ಮಾತ್ರೆ ತಡೆಯುವುದಕ್ಕಲ್ಲ, ಬಿಗಿದ ದಾರಿಯನ್ನು ಸಡಿಲಿಸಿ ಹರಿಯಬಿಡುವುದಕ್ಕೆ, ಅದರಿಂದ ಬಿ.ಪಿ. ಇಳಿದು ತಲೆ ಸುತ್ತಬಹುದು, ಹೆಚ್ಚು ನುಂಗಲೇಬಾರದು, ಏಳುವಾಗ ನಿಧಾನವಾಗಿ ಏಳಬೇಕು ಎಂದು ಅವಳು ಗದರುತ್ತಾ ವಿವರಿಸಿದಳು. ಅಭಿ ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದ. ಗಂಗಾಭವಾನಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ಸಂಬಂಧ ಉಳಿಯಿತು.

ಪಾನಕಾಲರಾವ್ ಮಾತ್ರ ನಗಲಿಲ್ಲ. ನನ್ನ ಕಿವಿಯ ಬಳಿ ಬಗ್ಗಿ, "ನನಗೂ ಅದೇ ಮಾತ್ರೆ ಬಾವಗಾರು," ಎಂದರು. "ಅತಿಥಿ ಕೂತಿರುವಾಗ ಮನೆಯವನು ಏಳುವ ಹಾಗಿಲ್ಲ. ಬೇಗ ಮುಗಿಯಲಿ ಅಂತ ಎಲ್ಲಕ್ಕೂ ಹೂಂ ಅಂದೆ. ನೀವು ಎದ್ದಾಗಲಾದರೂ ಹೋಗೋಣ ಅಂದರೆ, ಒಳಗೆ ನೀವೇ ಇರ್ತಿದ್ರಿ." ಇಷ್ಟು ಹೇಳಿ ಓಡಿದರು.

ನನ್ನ ದಿಗ್ವಿಜಯದ ಗುಟ್ಟು ಇಷ್ಟೇ ಆಗಿತ್ತು. ಹೈಮಾವತಿ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತಾ, ಎರಡನೆಯದನ್ನು ಯಾಕೆ ನುಂಗಿದಿರಿ ಎಂದು ಕೇಳಿದಳು. ಮ್ಯಾನೇಜರ ಕೀಲಿ, ಹೆಡ್ ಕ್ಯಾಷಿಯರ ಕೀಲಿ ಎಂದು ಸಿದ್ಧಾಂತವನ್ನೆಲ್ಲ ಪಿಸುಗುಟ್ಟಿದೆ. ಗಾಳಿ ಹಾಕುವುದು ನಿಂತಿತು.

"ಇಷ್ಟು ವರ್ಷ ಬ್ಯಾಂಕಲ್ಲಿ ಅದೇನು ನೋಡಿದ್ರೋ ನಾ ಕಾಣೆ. ಎರಡು ಕೀಲಿನೂ ಸೇರಿಸಿ ತಿರುಗಿಸಿದ್ರೆ ಬಾಗಿಲು ತೆಗೆಯುತ್ತೆ ಕಣ್ರೀ!"