ಆರು ಪತ್ರಿಕೆಗಳಲ್ಲಿ ಕಡೆಯದು ಯಾವುದು

ಗೋಕಾಕ, ನವೆಂಬರ್ ೨೦೦೫

ಸಂಜೆ ಐದೂವರೆ. ಇಂದು ಕರೆಂಟು ಎರಡು ಸಲ ಹೋಗಿ ಬಂತು, ಗಿರಾಕಿ ಒಬ್ಬರೂ ಬರಲಿಲ್ಲ. ದೂರು ಬರೆಯಲು ಬಿಡುವು ಸಿಕ್ಕಿತು.

ಈಚೆಗೆ ತಿದ್ದಿದ ಕಡತವನ್ನು ಹುಡುಕಿಕೊಡುವ ಶೆಲ್ ಸ್ಕ್ರಿಪ್ಟ್ ಅವರ ಸನ್ನಿಧಿಗೆ, ಏಳನೆಯ ತರಗತಿಯವರೆಗೆ ಓದಿದ ತ್ರಿಶಲಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕಂಪ್ಯೂಟರಿಗೆ ಕೊಡುವ ಅಪ್ಪಣೆ, ಕೇವಲ ಎರಡು ಸಾಲಿನವರು. ಹುಕ್ಕೇರಿಯ ಕಂಪ್ಯೂಟರ್ ಕ್ಲಾಸಿನ ಓಂಕಾರ ಸರ್ ನಿನ್ನೆ ತಮ್ಮನ್ನು ಬರೆದು ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಕೂರಿಸಿ ಹೋದರು. ಇರುವ ಕಡತಗಳಲ್ಲಿ ಎಲ್ಲಕ್ಕಿಂತ ಈಚೆಗೆ ತಿದ್ದಿದ್ದು ಯಾವುದೆಂದು ತಾವು ರೆಪ್ಪೆ ಬಡಿಯುವಷ್ಟರಲ್ಲಿ ಹೇಳುತ್ತೀರಿ. “ಅಕ್ಕಾರ, ಇದು ಸುಳ್ಳ ಹೇಳಂಗಿಲ್ರಿ” ಎಂದು ಅವರೇ ಹೊಣೆ ಹೊತ್ತಿದ್ದಾರೆ.

ನನ್ನ ಯಜಮಾನರಾದ ವರ್ಧಮಾನರು ಇಲ್ಲೇ ಕುಳಿತು ಮಗಳು ಭಕ್ತಿಯ ಲಗ್ನಪತ್ರಿಕೆಯನ್ನು ಆರು ಸಲ ಬರೆದು ಆರು ಕಡತ ಮಾಡಿಟ್ಟರು: ಒಂದು, ಎರಡು, ಹೊಸದು, ಖರೇ ಹೊಸದು, ಕಡೇದು, ಕಡೇದಕ್ಕಿಂತ ಕಡೇದು. ಈ ಹೆಸರುಗಳನ್ನು ನಂಬುವಂತಿಲ್ಲ. ‘ಕಡೇದು’ ಮುಗಿದ ಮೇಲೆಯೂ ಅವರು ‘ಎರಡು’ ತೆರೆದು ತಿದ್ದುವುದನ್ನು ಕಂಡಿದ್ದೇನೆ. ಆಹ್ವಾನಿಸುವ ಹಿರಿಯರ ಸಾಲಿನಲ್ಲಿ, ಮೂರು ಕಡತಗಳಲ್ಲಿ ಅವರ ಅಣ್ಣ ಕುಲಗೋಡದ ಅಣ್ಣಪ್ಪನವರ ಹೆಸರಿದೆ, ಮೂರರಲ್ಲಿ ಇಲ್ಲ. ಕಬ್ಬಿಗೆ ನೀರು ಬಿಡುವ ಪಾಳಿಗಾಗಿ ಜಗಳಾದ ದಿನ ಹೆಸರು ಹೋಗುತ್ತಿತ್ತು, ಸಿಟ್ಟು ಇಳಿದ ದಿನ ಬರುತ್ತಿತ್ತು. ಶ್ರಾವಣದಲ್ಲಿ ಯಜಮಾನರು ಹಠಾತ್ತನೆ ತೀರಿಕೊಂಡರು. ಹೋಗುವಾಗ ಸಿಟ್ಟು ಇತ್ತೋ ಇಳಿದಿತ್ತೋ ಎಂದು ಕೇಳಲು ತಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ತಾವು ಥಟ್ಟನೆ ‘ಎರಡು’ ಎಂದಿರಿ. ಅದರಲ್ಲಿ ಭಾವ ಅಣ್ಣಪ್ಪನವರ ಹೆಸರಿಲ್ಲ. ತಿದ್ದಿದ ದಿನ ಮಾತ್ರ ದೀಪಾವಳಿಯ ಲಕ್ಷ್ಮೀಪೂಜೆ. ತೀರಿಕೊಂಡವರು ಎರಡು ತಿಂಗಳ ಮೇಲೆ ಬಂದು ತಿದ್ದಿಹೋದರೆಂದು ನಂಬಿಸಿದ ಆ ಅರ್ಧ ನಿಮಿಷಕ್ಕಾಗಿ ನಾನು ತಮಗೆ ಚಿರಋಣಿ.

ಆಮೇಲೆ ನೆನಪಾಯಿತು. ಅಂದು ಪೂಜೆಗೆ ಬಂದ ಭಾವನವರು, ಹೊಸ ಲೆಕ್ಕದ ವಹಿಗೆ ಶ್ರೀ ಬರೆಯುವ ನಮ್ಮ ಪದ್ಧತಿಯಂತೆ, ಈ ಅಂಗಡಿಯ ವಹಿ ಇದೇ ತಾನೆ ಎಂದು ಕಂಪ್ಯೂಟರಿನ ಮುಂದೆ ಕುಳಿತು, ಒಂದೇ ಬೆರಳಿನಿಂದ ಪ್ರತಿಯೊಂದು ಕಡತದ ತಲೆಗೂ ಶ್ರೀ ಒತ್ತಿದ್ದರು. “ಒಂದೂ ಬಿಟ್ಟಿಲ್ಲ ತಂಗಿ” ಎಂದು ಹೆಮ್ಮೆಯಿಂದ ಹೇಳಿ ಬಸ್ಸು ಹಿಡಿದಿದ್ದರು. ಆರಕ್ಕೂ ಒಂದೇ ತಾರೀಖಾಯಿತು; ಅವರು ಕಡೆಗೆ ಒತ್ತಿದ್ದು ‘ಎರಡು’ ಇರಬೇಕು. ಯಜಮಾನರು ಕಡೆಗೆ ಮುಟ್ಟಿದ್ದು ಯಾವುದೆಂಬುದು ಶಾಶ್ವತವಾಗಿ ಅಳಿಸಿಹೋಯಿತು.

ಆದಕಾರಣ ಇನ್ನು ಮುಂದೆ ತಾವು, ಬರೆಯಲು ಬಂದ ಕೈ ಯಾವುದು, ಪೂಜೆಗೆ ಬಂದ ಕೈ ಯಾವುದು ಎಂದು ವಿಚಾರಿಸಿ, ಸಿಟ್ಟು ಇಳಿದ ಗಂಟೆ ನಿಮಿಷಗಳನ್ನೂ ಕಡತದ ಬಾಜೂ ತೋರಿಸುವ ಕೃಪೆ ಮಾಡಬೇಕು.

ಇಷ್ಟು ಬರೆದು ‘ಎರಡು’ ಕಡತವನ್ನು ನಾನೇ ಮತ್ತೊಮ್ಮೆ ಓದಿದೆ. ಭಾವನವರು ಆರನ್ನೂ ತೆರೆದವರು. ಮೂರರಲ್ಲಿ ತಮ್ಮದೇ ಹೆಸರಿಲ್ಲದ್ದನ್ನು ಕಾಣದೆ ಇರಲಾರರು. ಬೆರಳು ಅಕ್ಷರಗಳ ಮೇಲೆಯೇ ಇತ್ತು. ಆದರೂ ಶ್ರೀ ಬಿಟ್ಟು ಒಂದಕ್ಷರ ಕೂಡಿಸಿಲ್ಲ.

ಹಿರಿಯರ ಸಾಲಿನಲ್ಲಿ ಅವರ ಹೆಸರನ್ನು ಮೊದಲು ಬರೆದು ಕಡತ ಉಳಿಸಿದ್ದೇನೆ. ಈಗ ಕೇಳಿದರೂ ತಾವು ‘ಎರಡು’ ಎಂದೇ ಹೇಳುತ್ತೀರಿ. ಈ ಸಲ ಅದು ಖರೆ.

ತಮ್ಮ ಎರಡೂ ಸಾಲುಗಳನ್ನು ನಂಬಿದ ವಿಶ್ವಾಸಿ,
ತ್ರಿಶಲಾ

ವಿ.ಸೂ.: ತಮ್ಮ ಕೆಲಸ ತಾರೀಖು ನೋಡುವುದಷ್ಟೇ, ಒಳಗೇನಿದೆ ಎಂದು ಓದುವುದಲ್ಲ ಎಂದು ಓಂಕಾರ ಸರ್ ಫೋನಿನಲ್ಲಿ ತಮ್ಮ ಪರ ವಾದಿಸಿದರು. ಅಷ್ಟು ಅರ್ಹತೆ ಸಾಕು, ತಮಗೆ ಯಾವ ಕಚೇರಿಯಲ್ಲಾದರೂ ಪಗಾರದ ಕೆಲಸ ಸಿಗುತ್ತದೆ. ಪತ್ರಿಕೆ ನಾಳೆ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ.